ಗುಡ್ಡ ಸುತ್ತಿ ಹೋಗುತ್ತಿದ್ದ ಸಿಸ್ಟರ್

ಹೋದ ತಿಂಗಳು ಶಿರಸಿಯಲ್ಲಿ ಅವರ ಸಂತಾಪ ಸಭೆ ನಡೆಯಿತು. ಜೊತೆಗೆ ಕೆಲಸ ಮಾಡಿದವರು ನಾಲ್ಕೈದು ಜನ, ಕೇರಿಯವರು ಹತ್ತು ಹನ್ನೆರಡು ಜನ, ಮೇಜಿನ ಮೇಲೆ ಒಂದು ಫೋಟೋ, ಅದಕ್ಕೊಂದು ಹಾರ. ಪಕ್ಕದ ಮನೆಯವನು ಎಂಬ ಕಾರಣಕ್ಕೆ ನನಗೂ ಐದು ನಿಮಿಷ ಕೊಟ್ಟರು. ನಾನು ಎದ್ದು ನಿಂತು ಸೇವಾ ಮನೋಭಾವ, ಸರಳತೆ, ತುಂಬಲಾರದ ನಷ್ಟ ಎಂದು ಏನೇನೋ ಒದರಿ ಕುಳಿತೆ. ಕುಳಿತ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಮಾಡಿ ನನ್ನ ಬಾಯಿಂದ ಇಂಥ ಮಾತೇ ಹೊರಡುವುದು. ಅವರು ಎದುರು ಕೂತಿದ್ದರೆ ನಡುವೆಯೇ ಎದ್ದು ಹೋಗಿಬಿಡುತ್ತಿದ್ದರು. ಅಲ್ಲಿ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಯೂ ಇಲ್ಲ. ಎಂಬತ್ತು ದಾಟಿದ ಅಜ್ಜಂದಿರಿಗೂ ಅವರು ಸಿಸ್ಟರ್, ಅಂಗನವಾಡಿಯ ಮಕ್ಕಳಿಗೂ ಸಿಸ್ಟರ್. ಯಲ್ಲಾಪುರದ ಇಡಗುಂದಿ ಕಡೆಯ ರೈತರ ಮನೆಯ ಮಗಳು. ಮದುವೆಯಾಗಲಿಲ್ಲ. ಮೂರು ತಾಲ್ಲೂಕುಗಳ ಹಳ್ಳಿ ಆರೋಗ್ಯ ಉಪಕೇಂದ್ರಗಳಲ್ಲಿ ದಾದಿಯಾಗಿ ದುಡಿದು, ನಿವೃತ್ತಿಯಾದ ಮೇಲೆ ನಮ್ಮ ಪಕ್ಕದ ಎರಡು ಕೋಣೆಯ ಮನೆಗೆ ಬಂದು ನೆಲೆಸಿದರು. ಬರುವಾಗ ತಂದದ್ದು ಎರಡು ಟ್ರಂಕು, ಒಂದು ಕಪಾಟು, ಮತ್ತು ಮುಂದೆ ಬುಟ್ಟಿ ಇರುವ ಒಂದು ಕಪ್ಪು ಲೇಡೀಸ್ ಸೈಕಲ್ಲು.

ನನಗೂ ಅವರಿಗೂ ಗುರುತಾದದ್ದು ನನ್ನ ಹೊಟ್ಟೆಯ ದೆಸೆಯಿಂದ. ತೂಕ ಇಳಿಸದಿದ್ದರೆ ಕಷ್ಟ ಎಂದು ಡಾಕ್ಟರು ಹೆದರಿಸಿದ್ದರು. ನಡೆಯುವುದು ನನಗೆ ಮೊದಲಿನಿಂದಲೂ ಬೇಜಾರು. ಹಾಗಾಗಿ ಹುಬ್ಬಳ್ಳಿಗೆ ಹೋಗಿ ದುಬಾರಿಯ ಗೇರ್ ಸೈಕಲ್ ತಂದೆ. ಅದರ ಜೊತೆಗೆ ಹೆಲ್ಮೆಟ್ಟು, ಕೈಗವಸು, ಮೈಗೆ ಅಂಟಿಕೊಳ್ಳುವ ಚಡ್ಡಿ. ನನ್ನ ಹೆಂಡತಿ ಅದನ್ನು ನೋಡಿ, "ಇದನ್ನ ಹಾಕ್ಕೊಂಡು ಹಾವೇರಿ ಕಡೆ ಬರಬ್ಯಾಡ್ರಿ, ನಮ್ಮ ತವರಮನಿಯವರು ನನ್ನನ್ನ ಕೇಳ್ತಾರ" ಎಂದಳು.

ಮೊದಲ ಭಾನುವಾರ ವಾನಳ್ಳಿ ರಸ್ತೆಯಲ್ಲಿ ಹೊರಟೆ. ಮುಂದೆ ಒಬ್ಬ ಹೆಂಗಸು ಸೀರೆ ಎತ್ತಿ ಕಟ್ಟಿಕೊಂಡು ನಿಧಾನವಾಗಿ ಸೈಕಲ್ ತುಳಿಯುತ್ತಿದ್ದರು. ಪಕ್ಕದ ಮನೆಯ ಸಿಸ್ಟರ್ ಎಂದು ಗೊತ್ತಾಯಿತು. ಗಂಟೆ ಬಾರಿಸಿ, ಗತ್ತಿನಿಂದ ಅವರನ್ನು ದಾಟಿ ಮುಂದೆ ಹೋದೆ. ಎರಡನೆಯ ಏರಿನಲ್ಲಿ ಎದೆ ಢವಢವ ಅನ್ನತೊಡಗಿತು. ಯಾವ ಗೇರಿಗೆ ಹಾಕಿದರೂ ಸೈಕಲ್ಲು ಮೇಲೇರಲಿಲ್ಲ. ಕಡೆಗೆ ಚೈನೂ ಕಳಚಿತು, ಮೋರಿಯ ಮೇಲೆ ಕುಳಿತೆ. ಹತ್ತು ನಿಮಿಷದ ಮೇಲೆ ಸಿಸ್ಟರ್ ಸೈಕಲ್ ನೂಕಿಕೊಂಡು, ಬೇಲಿಯ ಮೇಲಿನ ಹೂವು ನೋಡಿಕೊಂಡು ಬಂದರು. ನಿಂತರು.

"ಎಷ್ಟು ಗೇರುಂಟು ಇದಕ್ಕೆ?"

"ಇಪ್ಪತ್ತೊಂದ್ರೀ."

"ಇಳಿದು ನೂಕೋದು ಅದರಲ್ಲಿ ಎಷ್ಟನೇದು?"

ನಗಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದವರ ಹಾಗೆ ಕೇಳಿದರು. ಬುಟ್ಟಿಯಿಂದ ಒಂದು ಹಳೆಯ ಬಟ್ಟೆ ತೆಗೆದು ಕೊಟ್ಟು, ಚೈನು ಕೂರಿಸಿಕೊಂಡು ಕೈ ಒರೆಸಿಕೊಳ್ಳಿ ಎಂದು ಮುಂದೆ ಹೋದರು. ಅಂದಿನಿಂದ ನಾಲ್ಕು ವರ್ಷ, ಮಳೆ ಜೋರಿಲ್ಲದ ಪ್ರತಿ ಭಾನುವಾರ, ನಾನು ಅವರ ಹಿಂದೆ.

ದೊಡ್ಡ ರಸ್ತೆಗೆ ಅವರು ಇಳಿಯುತ್ತಲೇ ಇರಲಿಲ್ಲ. ಮೂರೂ ತಾಲ್ಲೂಕಿನ ಒಳದಾರಿಗಳು ಅವರ ಕಾಲಿಗೇ ಗೊತ್ತಿದ್ದವು. ಯಾವ ತಿರುವಿನಲ್ಲಿ ಬೇಸಿಗೆಯಲ್ಲೂ ನೀರು ಜಿನುಗುತ್ತದೆ, ಯಾವ ಇಳಿಜಾರಿನಲ್ಲಿ ನೇರಳೆಹಣ್ಣು ಬಿದ್ದು ದಾರಿ ಜಾರುತ್ತದೆ, ಯಾವ ಊರಿನ ನಾಯಿ ಬರೀ ಬೊಗಳುತ್ತದೆ, ಯಾವ ಊರಿನದು ಕಾಲಿಗೇ ಬಾಯಿ ಹಾಕುತ್ತದೆ, ಎಲ್ಲ ಗೊತ್ತು. ಬೆಳಗಿನ ಎಂಟಕ್ಕೆ ಕಾಡಿನ ನಡುವಿನ ದಾರಿಯಲ್ಲಿ ಬಿಸಿಲು ಅಲ್ಲಲ್ಲಿ ತುಂಡು ತುಂಡಾಗಿ ಬಿದ್ದಿರುತ್ತಿತ್ತು. ಅವರ ಕಪ್ಪು ಸೈಕಲ್ಲು ಅದರಲ್ಲಿ ಕಾಣಿಸುತ್ತ ಮರೆಯಾಗುತ್ತ ಹೋಗುವುದನ್ನು ನೋಡಿಕೊಂಡು ತುಳಿಯುವುದೇ ನನಗೆ ಸುಖ. ಬಯಲುಸೀಮೆಯಲ್ಲಿ ಬೆಳೆದ ನನಗೆ ದಾರಿ ಅಂದರೆ ಊರಿಂದ ಊರಿಗೆ ಎಳೆದ ಗೆರೆ. ಇಲ್ಲಿ ಹಾಗಲ್ಲ. ಇಲ್ಲಿಯ ಒಳದಾರಿ ಮನೆಯ ಪಕ್ಕದಿಂದ ಹೋಗುವುದಿಲ್ಲ, ಮನೆಯ ಅಂಗಳದ ನಡುವಿನಿಂದಲೇ ಹೋಗುತ್ತದೆ. ಅಂಗಳ ಬರುವ ಇಪ್ಪತ್ತು ಮಾರು ಮೊದಲೇ ಸಿಸ್ಟರ್ ಇಳಿದು ನೂಕುತ್ತಿದ್ದರು. ಒಮ್ಮೆ ನಾನು ಒಬ್ಬರ ಅಂಗಳದಲ್ಲಿ ಸೈಕಲ್ ಹೊಡೆದುಕೊಂಡೇ ಹೋದೆ.

"ಅದು ರೋಡಲ್ಲ ಮಾರಾಯ್ರೇ," ಎಂದರು. "ಮನೆಯವರು ಕಾಲು ಚಾಚಿ ಕೂರೋ ಜಾಗ."

ಅಂಗಳದಲ್ಲಿ ಯಾರಾದರೂ ಸಿಕ್ಕರೆ ಹೊಸ ಅಧ್ಯಾಯ. ಅರ್ಧ ಊರು ಅವರ ಕೈಯಲ್ಲೇ ಹುಟ್ಟಿದ್ದು. ಮನುಷ್ಯರನ್ನು ಅವರು ಗುರುತಿಡುತ್ತಿದ್ದುದು ಮುಖದಿಂದ ಅಲ್ಲ, ಹುಟ್ಟಿದ ರೀತಿಯಿಂದ. ದೊಡ್ಡ ಮೀಸೆಯ ಪಂಚಾಯ್ತಿ ಸದಸ್ಯರೊಬ್ಬರು ನಾಲ್ಕು ಜನರ ನಡುವೆ ಗಂಭೀರವಾಗಿ ಮಾತಾಡುತ್ತಿದ್ದಾಗ, ಸಿಸ್ಟರ್ ನನ್ನ ಕಡೆ ತಿರುಗಿ ಜೋರಾಗಿಯೇ, "ಇವ ಹುಟ್ಟಿದಾಗ ಅಳಲೇ ಇಲ್ಲ. ಕಾಲು ಹಿಡಿದು ಎರಡು ಬಾರಿಸಿದ ಮೇಲೆ ಬಾಯಿ ಬಿಟ್ಟವ. ಇವತ್ತಿನವರೆಗೂ ಮುಚ್ಚಿಲ್ಲ" ಎಂದರು. ಆ ಮನುಷ್ಯ ಕೆಂಪಾಗಿ, ಮೀಸೆ ಸವರಿಕೊಂಡು, ಕೊನೆಗೆ ಬಗ್ಗಿ ಅವರ ಕಾಲು ಮುಟ್ಟಿದರು.

ನನ್ನ ಫೋನಿನ ಮೇಲೆ ಅವರಿಗೆ ಬಹಳ ಅಸಡ್ಡೆ. ಎಷ್ಟು ದೂರ ಬಂದೆವು ಎಂದು ಅದರಲ್ಲಿ ನೋಡಿ ಹೇಳಿದರೆ, "ದೂರ ಇರಲಿ, ಎಷ್ಟು ಮನೆ ಆಯ್ತು ಹೇಳಿ" ಎನ್ನುವರು. ನಾನು ಯಾವತ್ತೂ ಎಣಿಸಿರುತ್ತಿರಲಿಲ್ಲ.

ಅವರದೊಂದೇ ವಿಚಿತ್ರ ನನಗೆ ಸೇರುತ್ತಿರಲಿಲ್ಲ. ಹೋಗುವಾಗ ಯಾರ ಮನೆಯಲ್ಲೂ ಒಂದು ಲೋಟ ನೀರು ಕೂಡ ಮುಟ್ಟುತ್ತಿರಲಿಲ್ಲ. ಬರುವಾಗ ಎಷ್ಟು ಮನೆ ಸಿಕ್ಕರೂ ಅಷ್ಟೂ ಕಡೆ ಕುಡಿಯುತ್ತಿದ್ದರು. ಈ ಸೀಮೆಯವರಿಗೆ ಗೊತ್ತಿದೆ, ಮನೆಗೆ ಬಂದವರಿಗೆ ಆಸರಿಗೆ ಕೊಡದೆ ಕಳಿಸುವುದಿಲ್ಲ. ನೀರು ಬೆಲ್ಲ, ಮಜ್ಜಿಗೆ, ಮುರುಗಲ ಹಣ್ಣಿನ ಪಾನಕ, ಇದ್ದದ್ದು. ಬಾಯಾರಿಕೆ ಇರಲಿ ಬಿಡಲಿ, ಕೇಳಿಯೇ ಕೇಳುತ್ತಾರೆ, ಕುಡಿದೇ ಹೋಗಬೇಕು. ಬೇಡ ಎಂದರೆ ಮನೆಯವರ ಮುಖ ಸಣ್ಣದಾಗುತ್ತದೆ.

ಭೈರುಂಬೆ ಕಡೆ ಹೋಗಿದ್ದಾಗ ಹಾಗೇ ಆಯಿತು. ಒಬ್ಬ ಅಜ್ಜಿ ಜಗಲಿಯಿಂದ ಕೂಗಿ ಕರೆದರು.

"ಬನ್ನಿ ಸಿಸ್ಟರೇ, ಆನು ಈಗಷ್ಟೇ ಮಜ್ಜಿಗೆ ಕಡೆದು ಇಟ್ಟಿದ್ದಿ. ಆಸ್ರಿಗೆ ಕುಡ್ಕಂಡು ಹೋಗಿ."

"ಬರುವಾಗ ಕುಡೀತೇನೆ ಅಜ್ಜಿ."

"ಬಪ್ಪಕಾದ್ರೆ ಆನು ಮನಗಿರ್ತಿ. ನಿಂಗಕ್ಕೆ ಯಮ್ಮನೆ ಮಜ್ಜಿಗೆ ಸೇರ್ತಿಲ್ಲೆ ಕಾಣ್ತು."

ಬರುವ ಹೊತ್ತಿಗೆ ತಾನು ಮಲಗಿರುತ್ತೇನೆ, ನಮ್ಮ ಮನೆಯ ಮಜ್ಜಿಗೆ ನಿಮಗೆ ಸೇರುವುದಿಲ್ಲವೇನೋ ಎಂದು ಅಜ್ಜಿ ನಗುತ್ತಲೇ ಹೇಳಿದರು, ಆದರೆ ಲೋಟ ಹಿಡಿದ ಕೈ ಹಾಗೇ ನಿಂತಿತ್ತು. ಸಿಸ್ಟರ್ ಕೈ ಮುಗಿದು ಸೈಕಲ್ ನೂಕಿದರು. ನನಗೆ ತಡೆಯಲಿಲ್ಲ. ಅಂಗಳ ದಾಟಿದ ಮೇಲೆ, "ಏನ್ರೀ ಸಿಸ್ಟರ್ ಇದು? ಆ ಮುದುಕಿ ಅಷ್ಟು ಪ್ರೀತಿಯಿಂದ ಕರದ್ರ ಒಂದು ಗುಟುಕು ಕುಡೀಲಿಕ್ಕೆ ಏನ್ ಧಾಡಿ? ನಿಮಗ ಯಾರರ ವ್ರತಾ ಹೇಳ್ಯಾರೇನು?" ಎಂದು ಜಗಳದ ದನಿಯಲ್ಲೇ ಕೇಳಿದೆ. ಅವರು ಸೈಕಲ್ ಹತ್ತಿ ಮುಂದೆ ಹೋದರು. ಬರುವಾಗ ಶಾಲ್ಮಲೆ ಹೊಳೆಯ ದಂಡೆಗೆ ಸೈಕಲ್ ನಿಲ್ಲಿಸಿ, ಒಂದು ಬಂಡೆಯ ಮೇಲೆ ಕುಳಿತು, ತಾವಾಗಿಯೇ ಹೇಳಿದರು.

ಕೆಲಸಕ್ಕೆ ಸೇರಿದ ಹೊಸತು. ಸಿದ್ದಾಪುರ ತಾಲ್ಲೂಕಿನ ಒಂದು ಉಪಕೇಂದ್ರ. ಏಪ್ರಿಲ್ ತಿಂಗಳ ಮಧ್ಯಾಹ್ನ ಒಬ್ಬ ಆಳು ಓಡಿ ಬಂದ. ಗದ್ದೆ ಬಯಲಿನ ಒಂದು ರೈತರ ಮನೆಯಲ್ಲಿ ಚೊಚ್ಚಲ ಹೆರಿಗೆಯ ಬೇನೆ ಶುರುವಾಗಿತ್ತು. ಹುಡುಗಿಯ ಗಂಡ ಜೀಪು ತರಲು ಸಿದ್ದಾಪುರಕ್ಕೆ ಹೋಗಿದ್ದ. ಸಿಸ್ಟರ್ ಆಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟರು. ಅರ್ಧ ದಾರಿಯಲ್ಲಿ ಒಂದು ಮನೆ. ಅಂಗಳದಲ್ಲಿ ಇಳಿದು ನೂಕಬೇಕು. ಮನೆಯಾಕೆ ಅಡ್ಡ ಬಂದು, ಬಿರುಬಿಸಿಲಲ್ಲಿ ಬಂದಿದ್ದೀರಿ, ಆಸರಿಗೆ ಕುಡಿಯದೆ ಕಳಿಸಿದರೆ ನಮಗೆ ಒಳ್ಳೆಯದಾಗುವುದಿಲ್ಲ ಎಂದರು. ಹೊಸ ಊರು, ಹೊಸ ಕೆಲಸ, ಇವಳಿಗೆ ಜಂಬ ಎಂದು ಹೆಸರು ಬಂದರೆ ನಾಳೆ ಯಾರೂ ಬಾಗಿಲು ತೆಗೆಯುವುದಿಲ್ಲ. ಸಿಸ್ಟರ್ ಕೂತರು. ಕರೆಯಲು ಬಂದ ಆಳೂ ಕೂತ. ಮುರುಗಲ ಹಣ್ಣು ಹಿಸುಕಿ ಪಾನಕ ಮಾಡಿ ತರುವಷ್ಟು ಹೊತ್ತು ಇಬ್ಬರೂ ಜಗಲಿಯಲ್ಲಿ ಕೂತೇ ಇದ್ದರು. ಒಂದೊಂದಲ್ಲ, ಎರಡೆರಡು ಲೋಟ ಕುಡಿದರು.

"ಹತ್ತು ನಿಮಿಷ," ಎಂದರು ಸಿಸ್ಟರ್. "ಅಲ್ಲಿಗೆ ಹೋದಾಗ ಮಗು ಹೊರಗೆ ಬಂದಾಗಿತ್ತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಅತ್ತೆ ಅಂಬೋರಿಗೆ ಕೈಕಾಲೇ ಆಡ್ಲಿಲ್ಲ. ನಾನು ಬಿಡಿಸಿದೆ. ಊದಿದೆ, ಉಜ್ಜಿದೆ, ಗೊತ್ತಿದ್ದದ್ದೆಲ್ಲ ಮಾಡಿದೆ. ಅಳ್ಲಿಲ್ಲ."

ಆ ಹತ್ತು ನಿಮಿಷ ಮೊದಲು ಹೋಗಿದ್ದರೂ ಮಗು ಉಳಿಯುತ್ತಿತ್ತು ಎಂದು ಯಾರು ಹೇಳಿದರು ಎಂದು ಕೇಳಿದೆ.

"ಉಳೀತಿರ್ಲಿಲ್ಲ ಅಂತ ಯಾರು ಹೇಳಿದ್ರು?" ಎಂದರು.

ಆಮೇಲೆ ಆ ಮನೆಯವರನ್ನು ನೋಡಿದ್ದೀರಾ ಎಂದು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದರು. ಎರಡು ವರ್ಷ ಅಲ್ಲೇ ಕೆಲಸ ಮಾಡಿದರೂ ಆ ಮನೆಯ ಕೆಲಸವಿದ್ದರೆ ಅಂಗನವಾಡಿಯವರನ್ನು ಕಳಿಸುತ್ತಿದ್ದರಂತೆ. ಬಾಣಂತಿ ಒಂದೆರಡು ಸಲ ಉಪಕೇಂದ್ರದ ಬಾಗಿಲಿಗೆ ಬಂದಿದ್ದಳು. ಇವರು ಹಿಂದಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಿದ್ದರು. ಬೈಯಲು ಬಂದಿದ್ದಾಳೆ, ಬೈಸಿಕೊಳ್ಳುವ ಧೈರ್ಯ ತನಗಿಲ್ಲ ಎಂದು. ಮೂವತ್ತೈದು ವರ್ಷದ ಹಿಂದಿನ ಮಾತು ಅದು. ನೂರಾರು ಮಕ್ಕಳನ್ನು ಈ ಲೋಕಕ್ಕೆ ತಂದ ಹೆಂಗಸು ಉಳಿಯದ ಒಂದನ್ನೇ ಹಿಡಿದು ಕೂತಿದ್ದರು. ನನಗೆ ಪಾಪ ಅನ್ನಿಸಿತು, ಕೂಗಾಡಿದ್ದಕ್ಕೆ ನಾಚಿಕೆಯೂ ಆಯಿತು.

ಇದಾದ ವರ್ಷದ ಮೇಲಿನ ಮಾತು. ಸಿದ್ದಾಪುರದ ಗಡಿಯ ಕಡೆ ಅವರಿಗೊಂದು ಪ್ರೀತಿಯ ದಾರಿಯಿತ್ತು. ಎರಡು ತಿಂಗಳಿಗೊಮ್ಮೆಯಾದರೂ ಆ ಕಡೆ ಹೋಗಲೇಬೇಕು. ಬಹಳ ಚೆಂದದ ದಾರಿ. ಕಾಡು ಮುಗಿದ ಕೂಡಲೇ ಉದ್ದಕ್ಕೆ ಗದ್ದೆ ಬಯಲು, ನಡುವೆ ಹಳ್ಳ, ಆಚೆಗೊಂದು ಸಣ್ಣ ಊರು. ಗದ್ದೆಯ ದಾರಿ ನೇರವಾಗಿ ಹೋಗಿ, ಒಂದು ಮನೆಯ ಅಂಗಳ ದಾಟಿ, ಹಳ್ಳದ ಸಂಕದ, ಅಂದರೆ ಸಣ್ಣ ಸೇತುವೆಯ ಮೇಲಿಂದ ಆ ಊರು ಸೇರುತ್ತದೆ. ಆದರೆ ಸಿಸ್ಟರ್ ಆ ದಾರಿ ಹಿಡಿಯುತ್ತಿರಲಿಲ್ಲ. ಬಲಕ್ಕೆ ತಿರುಗಿ, ಬೋಳು ಗುಡ್ಡ ಹತ್ತಿ, ಕೆಂಪು ಮಣ್ಣಿನಲ್ಲಿ ಸೈಕಲ್ ನೂಕಿ, ಆಚೆ ಇಳಿದು ಊರಿಗೆ ಹೋಗುತ್ತಿದ್ದರು. ಕೇಳಿದರೆ, "ಸಂಕ ಮುರಿದಿದೆ" ಎನ್ನುವರು. ಮೂರು ವರ್ಷದಿಂದ ಅದೇ ಉತ್ತರ. ನಾನು ಪಂಚಾಯ್ತಿಯವರನ್ನು ಬೈದುಕೊಂಡು ಹಿಂದೆ ಹತ್ತುತ್ತಿದ್ದೆ.

ಆ ಭಾನುವಾರ ನನ್ನ ಮೊಣಕಾಲು ನೋಯುತ್ತಿತ್ತು. ಗುಡ್ಡದ ಬುಡದಲ್ಲಿ ನಿಂತಿದ್ದಾಗ ಗದ್ದೆ ದಾರಿಯಲ್ಲಿ ಒಂದು ಸ್ಕೂಟರ್ ಬಂತು, ಹಳ್ಳದ ಕಡೆಯಿಂದ.

"ಅಲ್ರೀ, ಸಂಕ ಮುರಿದಿದ್ರ ಅದೇನು ಹಾರಿ ಬಂತೇನು?"

"ನೀವು ಗುಡ್ಡದ ಮೇಲೇ ಬನ್ನಿ."

"ನನ್ನ ಕೈಲಿ ಆಗೂದಿಲ್ಲ. ನಾ ಗದ್ದಿ ದಾರಿಲೆ ಬರ್ತೀನಿ. ಆಚೆ ಸಿಗೂಣು."

ಅವರು ಇನ್ನೇನೋ ಹೇಳಲು ಹೋದರು. ನಾನು ಕೇಳಿಸಿಕೊಳ್ಳದೆ ಹೊರಟೇಬಿಟ್ಟೆ. ಹಟಮಾರಿ ಎಂದು ನನ್ನ ಹೆಂಡತಿ ಹೇಳುವುದು ಸುಳ್ಳಲ್ಲ.

ಅಂಗಳದಲ್ಲಿ ಇಳಿದು ನೂಕುವಷ್ಟು ಬುದ್ಧಿ ಆಗಲೇ ಬಂದಿತ್ತು. ಐವತ್ತೈದರ ಹತ್ತಿರದ ಒಬ್ಬ ಹೆಂಗಸು ಚಾಪೆಯ ಮೇಲೆ ಹಲಸಿನ ಹಪ್ಪಳ ಹರಡುತ್ತಿದ್ದರು. ಕೂತ್ಕಳಿ ಎಂದು ಒಳಗೆ ಹೋಗಿ, ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದರು. ನಾನು ಕುಡಿಯುವುದನ್ನೇ ನೋಡುತ್ತ ನಿಂತಿದ್ದು, ಕೇಳಿದರು.

"ಸಿಸ್ಟರ್ ಗುಡ್ಡದ ಮೇಲೆ ಹೋದ್ರಾ?"

ನೀರು ನೆತ್ತಿಗೇರಿತು. ನಿಮಗೆ ಹೇಗೆ ಗೊತ್ತು ಎಂದೆ.

"ಇಲ್ಲಿಂದ ಕಾಣ್ತದೆ. ಆ ಬೋಳು ಜಾಗದಲ್ಲಿ ಸೈಕಲ್ ನೂಕ್ಕೊಂಡು ಹೋಗ್ತಾರೆ. ಹಿಂದೆ ನೀವು." ಒಂದು ಹಪ್ಪಳ ಕೈಗೆತ್ತಿಕೊಂಡು, "ನಮ್ಮ ಅಂಗಳ ತಪ್ಸೋಕೇ ಹಂಗೆ ಹೋಗೋದು. ನಂಗೆ ಗೊತ್ತು" ಎಂದರು.

ಆಗ ನನ್ನ ದಡ್ಡ ತಲೆಗೆ ಹೊಳೆಯಿತು, ನಾನು ಯಾವ ಮನೆಯ ಜಗಲಿಯಲ್ಲಿ ಕೂತಿದ್ದೇನೆ ಎಂದು. ಬಾಯಿ ಮುಚ್ಚಿಕೊಂಡು ಎದ್ದು ಹೋಗಬೇಕಿತ್ತು. ನಾನು ಸಿಸ್ಟರ್ ಪರ ವಕಾಲತ್ತಿಗೆ ನಿಂತೆ. "ಅವರ ಮ್ಯಾಲೆ ಸಿಟ್ಟು ಇಟ್ಕೋಬ್ಯಾಡ್ರಿ. ದಾರ್‍ಯಾಗ ಪಾನಕ ಕುಡಕೋತ ಹತ್ತು ನಿಮಿಷ ಕೂತದ್ದು ಅವರಿಗೆ ಇವತ್ತಿಗೂ ಕೊರೀಲಿಕ್ಕೆ ಹತ್ತೇತಿ. ಅವತ್ತಿನಿಂದ ಹೋಗೋ ದಾರಿಲೆ ನೀರು ಸೈತ ಮುಟ್ಟಿಲ್ಲ ಅವರು."

ಆಕೆಯ ಕೈಯಲ್ಲಿದ್ದ ಹಪ್ಪಳ ಹಾಗೇ ಉಳಿಯಿತು.

"ಎಂತಾ ಪಾನಕ?" ಎಂದರು.

ಅವರಿಗೆ ಅದು ಗೊತ್ತೇ ಇರಲಿಲ್ಲ. ಕರೆಯಲು ಹೋಗಿದ್ದ ಆಳು ಹೇಳಿರಲಿಲ್ಲ, ಹೇಳುವುದಾದರೂ ಹೇಗೆ, ಅವನೂ ಕುಡಿದಿದ್ದನಲ್ಲ. ಮೂವತ್ತೈದು ವರ್ಷ ಯಾರ ಬಾಯಿಂದಲೂ ಹೊರಬೀಳದ ಮಾತನ್ನು ನಾನು ಒಂದು ತಂಬಿಗೆ ನೀರಿಗೆ ಹೊರಹಾಕಿದ್ದೆ. ತಡವರಿಸುತ್ತ ಉಳಿದದ್ದನ್ನೂ ಹೇಳಿದೆ. ಆಕೆ ಪೂರ್ತಿ ಕೇಳಿದರು. ಅಳಲಿಲ್ಲ, ಬೈಯಲೂ ಇಲ್ಲ. ಹಪ್ಪಳವನ್ನು ಚಾಪೆಯ ಮೇಲೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡರು.

"ಅವ್ರನ್ನ ಒಂದ್ಸಲ ಕಳ್ಸಿ. ನಂಗೆ ಅವ್ರ ಹತ್ರ ಕೇಳೋದುಂಟು," ಎಂದರು.

ಏನು ಕೇಳುವುದು ಎಂದು ವಿಚಾರಿಸುವ ಧೈರ್ಯ ನನಗಾಗಲಿಲ್ಲ.

ಗುಡ್ಡದ ಆಚೆ ಸಿಸ್ಟರ್ ಕಾಯುತ್ತಿದ್ದರು. ಸುಳ್ಳು ಹೇಳಿಬಿಡೋಣ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಅವರ ಮುಖ ನೋಡಿದ ಮೇಲೆ ಆಗಲಿಲ್ಲ. ಎಲ್ಲ ಹೇಳಿದೆ. ಪಾನಕದ ಮಾತು ನನ್ನ ಬಾಯಿಂದಲೇ ಹೋಯಿತು ಎನ್ನುವುದನ್ನೂ ಹೇಳಿದೆ. ಅವರು ಸೈಕಲ್ ಹತ್ತಿ ಬಂದ ದಾರಿಗೇ ತಿರುಗಿದರು. ಯಾವತ್ತೂ ಏರಿನಲ್ಲಿ ತುಳಿಯದವರು ಅವತ್ತು ಗುಡ್ಡದ ಅರ್ಧದವರೆಗೂ ತುಳಿದರು. ನಾನು ಹಿಂದಿನಿಂದ ಕೂಗಿದೆ. ಅವರು ತಿರುಗಲಿಲ್ಲ.

ಮೂರು ಭಾನುವಾರ ಅವರ ಬಾಗಿಲು ತೆರೆಯಲಿಲ್ಲ. ನನ್ನ ಹೆಂಡತಿ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ ಕೊಟ್ಟು ಬಂದಳು. ಡಬ್ಬಿ ವಾಪಸ್ ಬಂತು, ಖಾಲಿ. ಅವರ ಮನೆಯಿಂದ ಏನನ್ನೂ ತುಂಬಿಸದೆ ಖಾಲಿ ಡಬ್ಬಿ ಬಂದದ್ದು ಅದೇ ಮೊದಲು. "ಅವರ ಗುಟ್ಟು ನಿಮ್ಮ ಹೊಟ್ಟಿಯೊಳಗ ನಿಲ್ಲಲಿಲ್ಲ ನೋಡ್ರಿ. ಅಷ್ಟು ದೊಡ್ಡ ಹೊಟ್ಟಿ ಇಟ್ಕೊಂಡು ಏನುಪಯೋಗ?" ಎಂದಳು ನನ್ನ ಹೆಂಡತಿ. ರಾತ್ರಿ ಊಟ ರುಚಿಸುತ್ತಿರಲಿಲ್ಲ. ಅಂಥ ಒಂದು ಸ್ನೇಹವನ್ನು ಮೊಣಕಾಲು ನೋವಿನ ನೆವದಲ್ಲಿ ಕಳೆದುಕೊಂಡೆನಲ್ಲ ಎಂದು ಹಳಹಳಿಸಿದೆ.

ನಾಲ್ಕನೆಯ ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಸೈಕಲ್ ಗಂಟೆಯ ಸದ್ದಾಯಿತು. ಸಿಸ್ಟರ್ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ನಿಂತಿದ್ದರು. ನಿವೃತ್ತಿಯಾದ ಮೇಲೆ ಅವರು ಬಿಳಿ ಸೀರೆ ಉಟ್ಟದ್ದನ್ನು ನಾನು ಕಂಡಿರಲಿಲ್ಲ.

"ಹೋಗುವಾ," ಎಂದರು. "ದಾರಿಯಲ್ಲಿ ಮಾತು ಬೇಡ."

ಬೇಡ ಅಂದರೆ ಬೇಡ. ಗಾಳಿಗೆ ಎಲೆ ಅಲ್ಲಾಡುವುದು, ಎರಡು ಸೈಕಲ್ಲಿನ ಚೈನಿನ ಸದ್ದು, ಇಷ್ಟೇ. ಊರುಗಳು ಬಂದವು, ಹೋದವು. ಅಂಗಳಗಳಲ್ಲಿ ಜನ ಮಾತಾಡಿಸಿದರು, ಅವರು ತಲೆಯಾಡಿಸಿ ದಾಟಿದರು. ಕಾಡು ಮುಗಿದು ಗದ್ದೆ ಬಯಲು ಬಂತು. ದಾರಿ ಕವಲಾಗುವಲ್ಲಿ ಇಳಿದು ನಿಂತರು. ಗುಡ್ಡದ ಕಡೆ ಒಮ್ಮೆ ನೋಡಿದರು. ಬಹಳ ಹೊತ್ತು ನಿಂತರು. ವಾಪಸ್ ಹೋಗೋಣ ಎಂದಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ.

"ಅವಳು ಬೈದ್ರೆ ನೀವು ನಡುವೆ ಬಾಯಿ ಹಾಕ್ಬಾರ್ದು," ಎಂದರು. "ಎಷ್ಟು ಬೈತಾಳೋ ಬೈಲಿ."

ಆಮೇಲೆ ಗದ್ದೆಯ ದಾರಿಯಲ್ಲಿ ಸೈಕಲ್ ನೂಕತೊಡಗಿದರು. ಅಂಗಳ ಇನ್ನೂ ದೂರವಿತ್ತು. ಆದರೂ ಹತ್ತಲಿಲ್ಲ.

ಆ ಹೆಂಗಸು ನಮ್ಮನ್ನು ದೂರದಿಂದಲೇ ಕಂಡಿರಬೇಕು. ಅಂಗಳದ ನಡುವೆ ನಿಂತಿದ್ದರು. ಸಿಸ್ಟರ್ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಲು ಹೋದರು, ಸರಿಯಾಗಿ ನಿಲ್ಲಲಿಲ್ಲ, ನಾನು ಹಿಡಿದುಕೊಂಡೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಆಸರಿಗೆ ಕೇಳುವ ಮಾತು ಬರಲಿಲ್ಲ. ಈ ಸೀಮೆಯಲ್ಲಿ ಅಂಗಳಕ್ಕೆ ಬಂದವರಿಗೆ ಅದನ್ನು ಕೇಳದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಿಸ್ಟರೇ ಶುರು ಮಾಡಿದರು. "ಅವತ್ತು ನಾನು ದಾರಿಯಲ್ಲಿ ಕೂರ್ಬಾರ್ದಿತ್ತು. ತಪ್ಪಾಯ್ತು ಅನ್ನೋಕೂ ಇಷ್ಟು ವರ್ಷ ಬಂದಿಲ್ಲ. ಅದು ಇನ್ನೂ ದೊಡ್ಡ ತಪ್ಪು."

"ಹತ್ತು ನಿಮಿಷದ್ದು ನಂಗೆ ಗೊತ್ತಿಲ್ಲ ಸಿಸ್ಟರೇ," ಎಂದರು ಆಕೆ. "ಅದ್ರಿಂದ ಹೌದೋ ಅಲ್ವೋ, ನಾ ಹೇಗೆ ಹೇಳ್ಲಿ? ಅದನ್ನ ನೀವು ದೇವ್ರ ಹತ್ರ ಕೇಳ್ಕಳಿ. ಇವ್ರು ಹೇಳಿದ ದಿನ ಸಿಟ್ಟು ಬಂದಿತ್ತು. ಎರಡು ದಿನ ಅನ್ನ ಸೇರ್ಲಿಲ್ಲ. ಈಗ ನಾ ಕೇಳೋದು ಅದಲ್ಲ."

ಸಿಸ್ಟರ್ ಕಾದರು.

"ನಂಗೆ ಅವನನ್ನ ತೋರ್ಸಿಲ್ಲ," ಎಂದರು ಆಕೆ. "ಚೊಚ್ಚಲ ಬಾಣಂತಿ, ನೋಡಿದ್ರೆ ಹೆದರ್ತಾಳೆ ಅಂತ ಅತ್ತೆ ಆಚೆ ಕೋಣೆಗೆ ಒಯ್ಸಿ ಬಾಗ್ಲು ಹಾಕಿದ್ರು. ನಮ್ಮನೆಯವ್ರು ಜೀಪು ತರೋದ್ರೊಳಗೆ ಮಾವ ಬಟ್ಟೆ ಸುತ್ತಿ ತಗಂಡು ಹೋಗಾಗಿತ್ತು. ಇವ್ರೂ ನೋಡಿಲ್ಲ. ಆಮೇಲೆ ಅತ್ತೆ ಹತ್ರ ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ. ಮಾವನೂ ಇಲ್ಲ, ಅತ್ತೆಯೂ ಇಲ್ಲ ಈಗ. ಅವನನ್ನ ಕಂಡೋರು ಅಂತ ಉಳಿದೋರು ನೀವೊಬ್ರೇ. ಕೇಳ್ಲಿಕ್ಕೇ ನಿಮ್ಮ ಬಾಗ್ಲಿಗೆ ಎರಡು ಸಲ ಬಂದಿದ್ದೆ. ನೀವು ಒಳಗೆ ಹೋಗಿ ಚಿಲಕ ಹಾಕಿದ್ರಿ. ಈಗ ಮೂರ್ನಾಕು ವರ್ಷದಿಂದ ಗುಡ್ಡದ ಮೇಲೆ ನೀವು ಹೋಗೋದು ನೋಡ್ತಾ ಇದ್ದೆ. ಕೂಗಿದ್ರೆ ಕೇಳೋವಷ್ಟು ಹತ್ರ ಇಲ್ಲ."

ಸಿಸ್ಟರ್ ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದರು. ಇದಕ್ಕೆ ಸಿದ್ಧವಾಗಿರಲಿಲ್ಲ. ಜಗಲಿಯ ಅಂಚಿಗೆ ಹೋಗಿ ಕುಳಿತರು. ಆಕೆಯೂ ಹತ್ತಿರ ಬಂದು ಕುಳಿತರು.

"ಹೇಂಗಿದ್ದ?" ಎಂದರು ಆಕೆ.

"ತಲೆ ತುಂಬ ಕೂದ್ಲು," ಎಂದರು ಸಿಸ್ಟರ್. ಈಗ ಮಾತಾಡುತ್ತಿದ್ದವರು ಊರೂರ ಹೆರಿಗೆ ಮಾಡಿಸಿದ ದಾದಿ. "ಕಪ್ಪು ಕೂದ್ಲು, ಹಣೆವರೆಗೂ ಇಳಿದಿತ್ತು. ತುಂಬಿದ ತೂಕ. ಉಗುರು ಉದ್ದ ಬೆಳೆದಿತ್ತು. ಕೈಬೆರಳು ನಿಮ್ಮದರ ಹಾಗೆ ಉದ್ದ ಅಲ್ಲ, ಮೋಟು. ಎಡಗಿವಿ ಮೇಲೆ ಸಣ್ಣ ಮಚ್ಚೆ. ಅರ್ಧ ಗಂಟೆ ನನ್ನ ತೊಡೆ ಮೇಲಿದ್ದ. ಮೈ ಬಿಸಿ ಇತ್ತು."

"ಕಣ್ಣು?"

"ಬಿಡ್ಲಿಲ್ಲ. ಬಿಟ್ಟಿದ್ದ ಅಂತ ಸುಳ್ಳು ಹೇಳೋದಿಲ್ಲ ನಾನು. ನಿದ್ದೆಯಲ್ಲಿದ್ದ ಹಾಗೇ ಇದ್ದ. ಒರೆಸಿ, ನನ್ನ ಬುಟ್ಟಿಯಲ್ಲಿದ್ದ ಹೊಸ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಹಳೇ ಬಟ್ಟೆಯಲ್ಲಿ ಹೋಗ್ಲಿಲ್ಲ ಅವನು."

ಆಕೆ ತಲೆಯಾಡಿಸಿದರು. ಇನ್ನೂ ಕಾಯುತ್ತಿದ್ದರು. ಸಿಸ್ಟರ್ ಅವರ ಮುಖವನ್ನೇ ನೋಡಿದರು. ಆ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು. ಕೈ ಎತ್ತಿ, ಒಂದು ಬೆರಳಿನಿಂದ ಆಕೆಯ ಗದ್ದ ಮುಟ್ಟಿದರು.

"ಇದು ಇತ್ತು," ಎಂದರು. "ಗದ್ದದ ಮೇಲೆ ಈ ಕುಳಿ. ಹಿಂಗೇ, ನಡುವಿಗೆ."

ಆಕೆಯ ಕೈ ತನ್ನ ಗದ್ದಕ್ಕೆ ಹೋಯಿತು. ಅಲ್ಲೇ ಉಳಿಯಿತು.

"ಮಗನಿಗೆ ಬರ್ಲಿಲ್ಲ ಇದು," ಎಂದರು. "ಮಗಳಿಗೂ ಬರ್ಲಿಲ್ಲ. ಯಾರಿಗೂ ಬರ್ಲೇ ಇಲ್ಲ ಅಂದ್ಕೊಂಡಿದ್ದೆ."

"ಅವನಿಗೆ ಬಂದಿತ್ತು," ಎಂದರು ಸಿಸ್ಟರ್.

ಆಕೆ ಎದ್ದು ನಿಂತರು. ಕಣ್ಣು ಒರೆಸಿಕೊಳ್ಳಲಿಲ್ಲ. ಅಂಗಳದ ಅಂಚಿಗೆ ಹೋಗಿ, ಕೆಳಗಿನ ಗದ್ದೆಯಲ್ಲಿ ಬದು ಕಡಿಯುತ್ತಿದ್ದ ಗಂಡನಿಗೆ ಕೇಳುವ ಹಾಗೆ ಕೂಗಿ ಹೇಳಿದರು.

"ಹಾರೆ ಅಲ್ಲೇ ಬಿಟ್ಟು ಬನ್ನಿ. ಸಿಸ್ಟರ್ ಬಂದಿದಾರೆ. ನಮ್ಮ ದೊಡ್ಡ ಮಗನ ಸುದ್ದಿ ಹೇಳ್ತಾ ಇದಾರೆ."